ಕೊಬ್ಬಿನ ಗುಟ್ಟು ಬಿಡಿಸಿದ ವಲಸಿಗರು

1933ರ ಏಪ್ರಿಲ್. ಜರ್ಮನಿಯ ನೈಋತ್ಯ ಅಂಚಿನಲ್ಲಿರುವ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಹೊಸ ಸರ್ಕಾರದ ಆಜ್ಞೆ ಬಂತು: ಯಹೂದಿ ಮೂಲದವರು ಸರ್ಕಾರಿ ಹುದ್ದೆಯಲ್ಲಿ ಇರಕೂಡದು. ಹಿಟ್ಲರ್ ಅಧಿಕಾರಕ್ಕೇರಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅಲ್ಲಿನ ಚಿಕಿತ್ಸಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಹಾನ್ಸ್ ಕ್ರೆಬ್ಸ್‌ಗೆ ಆಗ ಮೂವತ್ತೆರಡು ವರ್ಷ. ದೇಹದಲ್ಲಿ ಯೂರಿಯ ಹುಟ್ಟುವ ಬಗೆಯನ್ನು ಹಿಂದಿನ ವರ್ಷವಷ್ಟೇ ಬಿಡಿಸಿ ಹೆಸರಾಗಿದ್ದರು. ಅದೇ ಊರಿನ ರೋಗಶಾಸ್ತ್ರ ಸಂಸ್ಥೆಯಲ್ಲಿ ಕೊಲೆಸ್ಟರಾಲ್‌ನ ಬೆನ್ನು ಹತ್ತಿದ್ದ ರುಡಾಲ್ಫ್ ಶೋನ್‌ಹೈಮರ್ ಕ್ರೆಬ್ಸ್‌ಗಿಂತ ಎರಡು ವರ್ಷ ದೊಡ್ಡವರು. ಇಬ್ಬರ ಕೆಲಸವೂ ಹೋಯಿತು. ಕ್ರೆಬ್ಸ್ ಕೇಂಬ್ರಿಜ್‌ಗೆ ಹೊರಟರು, ಶೋನ್‌ಹೈಮರ್ ನ್ಯೂಯಾರ್ಕ್‌ಗೆ. ಮರುವರ್ಷ ಭೌತ ರಸಾಯನಶಾಸ್ತ್ರದ ಪ್ರಾಧ್ಯಾಪಕ ಗೆಯೋರ್ಗ್ ಹೆವೆಶಿ ಕೋಪನ್‌ಹೇಗನ್ ಸೇರಿದರು. ಕೊಬ್ಬಿನ ಕಾಯಿಲೆಗಳ ತಜ್ಞ ಸೀಗ್‌ಫ್ರೀಡ್ ಟಾನ್‌ಹೌಸರ್ ಬಾಸ್ಟನ್‌ಗೆ ಹೋದರು.

ನಾವು ತಿಂದದ್ದು ಹೇಗೆ ಬೊಜ್ಜಾಗುತ್ತದೆ, ಆ ಬೊಜ್ಜು ಹೇಗೆ ಕರಗಿ ಶಕ್ತಿಯಾಗುತ್ತದೆ ಎಂದು ಇವತ್ತು ವೈದ್ಯ ವಿದ್ಯಾರ್ಥಿಗಳು ಓದುವ ಪಾಠದ ದೊಡ್ಡ ಭಾಗವನ್ನು ಬರೆದವರು ಹೀಗೆ ಗಂಟುಮೂಟೆ ಕಟ್ಟಿದವರು. ಆ ಪಾಠದ ಮೊದಲ ಅಧ್ಯಾಯ ಮಾತ್ರ ಫ್ರೈಬರ್ಗ್‌ನಲ್ಲೇ, ಅವರು ಊರು ಬಿಡುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು ಬರೆಯಲ್ಪಟ್ಟಿತ್ತು.

ಹೆಬ್ಬಾತು ಜಗಳ

ಕೊಬ್ಬು ಎಂದರೇನು ಎಂಬುದು ಅದಕ್ಕೂ ಹಿಂದೆಯೇ ತಿಳಿದಿತ್ತು. ಫ್ರಾನ್ಸಿನ ಮಿಶೆಲ್ ಷೆವ್ರೊಲ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಾಬೂನು, ತುಪ್ಪ, ಹಂದಿಕೊಬ್ಬು, ಕುರಿಕೊಬ್ಬುಗಳನ್ನು ಒಡೆದು ನೋಡಿ 1823ರಲ್ಲಿ ಪುಸ್ತಕ ಹೊರತಂದರು. ಎಲ್ಲ ಕೊಬ್ಬಿನ ಕಟ್ಟೂ ಒಂದೇ ಬಗೆಯದು, ಗ್ಲಿಸರಾಲ್ ಮತ್ತು ಅದಕ್ಕೆ ಅಂಟಿಕೊಂಡ ಕೊಬ್ಬಿನಾಮ್ಲಗಳು ಎಂದು ತೋರಿಸಿದರು. ಕೊಬ್ಬಿನಾಮ್ಲ ಎಂದರೆ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಹದಿನಾರು, ಹದಿನೆಂಟು ಇಂಗಾಲದ ಸರಪಳಿಗಳೇ ನಮ್ಮ ಮೈಯಲ್ಲಿ ಹೆಚ್ಚು.

ಆ ಕೊಬ್ಬು ಮೈಗೆ ಬರುವುದು ಎಲ್ಲಿಂದ? 1840ರ ದಶಕದಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಪ್ಯಾರಿಸ್ಸಿನ ಡ್ಯೂಮಾ ಮತ್ತು ಬೂಸ್ಸಂಗೋ ಅವರ ಪ್ರಕಾರ ಕೊಬ್ಬನ್ನು ತಯಾರಿಸುವ ಶಕ್ತಿ ಇರುವುದು ಗಿಡಗಳಿಗೆ ಮಾತ್ರ. ಪ್ರಾಣಿಗಳು ಅದನ್ನು ತಿಂದು ಹಾಗೆಯೇ ಮೈಗೆ ಹಚ್ಚಿಕೊಳ್ಳುತ್ತವೆ. ಜರ್ಮನಿಯ ಲೀಬಿಗ್ ಒಪ್ಪಲಿಲ್ಲ. ಮೆಕ್ಕೆಜೋಳ ತಿಂದು ಕೊಬ್ಬಿದ ಹೆಬ್ಬಾತುಗಳ ಮೈಯಲ್ಲಿರುವ ಕೊಬ್ಬು ಆ ಜೋಳದಲ್ಲಿ ಎಲ್ಲಿತ್ತು, ಬರಿಯ ಸಕ್ಕರೆ ತಿಂದ ಜೇನ್ನೊಣ ಮೇಣವನ್ನು ಎಲ್ಲಿಂದ ತಂದಿತು ಎಂದು ಕೇಳಿದರು. ಬೂಸ್ಸಂಗೋ ಪ್ರಾಮಾಣಿಕರು. ತಾವೇ ಹೆಬ್ಬಾತು, ಹಂದಿಗಳನ್ನು ಸಾಕಿ ಮೇವನ್ನೂ ಮೈಕೊಬ್ಬನ್ನೂ ತೂಗಿ, ಕೊನೆಗೆ ಲೀಬಿಗ್ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡರು. ಎಣ್ಣೆ ಮುಟ್ಟದೆ ಅನ್ನ ಸಕ್ಕರೆಗಳನ್ನಷ್ಟೇ ಹೆಚ್ಚಾಗಿ ತಿಂದರೂ ಬೊಜ್ಜು ಬರುತ್ತದೆ ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಇಷ್ಟಾದರೂ ಮುಂದೆ ಬಹುಕಾಲ ವಿದ್ವಾಂಸರ ಕಣ್ಣಿಗೆ ಮೈಯ ಕೊಬ್ಬು ಒಂದು ಹಗೇವಿನಂತೆಯೇ ಇತ್ತು: ಸುಗ್ಗಿಯಲ್ಲಿ ತುಂಬಿ ಬಾಯಿ ಮುಚ್ಚಿದ್ದು, ಬರ ಬಂದರಷ್ಟೇ ತೆಗೆಯುವುದು. ದಿನದ ಊಟ ದಿನದ ಖರ್ಚಿಗೆ ಉರಿದುಹೋಗುತ್ತದೆ; ಮಿಕ್ಕಿದ್ದು ಮಾತ್ರ ಒಳಗೆ ಸೇರಿ, ಉಪವಾಸದ ದಿನದವರೆಗೆ ಅಲುಗದೆ ಕೂರುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ತಿಂದ ಕೊಬ್ಬೂ ಮೈಯಲ್ಲಿ ಮೊದಲೇ ಇದ್ದ ಕೊಬ್ಬೂ ಒಂದರಂತೆ ಒಂದು. ಒಮ್ಮೆ ಬೆರೆತರೆ ಯಾವುದು ಯಾವುದೆಂದು ಹೇಳುವವರಾರು?

ನಾಯಿಗಳ ಮೂತ್ರದಲ್ಲಿ ಸಿಕ್ಕ ಸುಳಿವು

ಈ ತೊಡಕಿಗೆ ಮೊದಲ ಉಪಾಯ ಹುಡುಕಿದವರು ಫ್ರಾನ್ಸ್ ಕ್ನೂಪ್. ಶಾಂಘೈನಲ್ಲಿ ಹುಟ್ಟಿದ ಜರ್ಮನ್. ಫ್ರೈಬರ್ಗ್‌ನಲ್ಲಿ ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ 1904ರಲ್ಲಿ ಅವರು ಸಲ್ಲಿಸಿದ ಪ್ರಬಂಧ ಜೀವರಸಾಯನಶಾಸ್ತ್ರದ ದಿಕ್ಕು ತಿರುಗಿಸಿತು.

ದೇಹ ಕೊಬ್ಬಿನಾಮ್ಲವನ್ನು ಪೂರ್ತಿ ಸುಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡಿಬಿಡುತ್ತದೆ, ನಡುವಿನ ಹೆಜ್ಜೆಗಳ ಗುರುತು ಉಳಿಯುವುದಿಲ್ಲ. ಬೆನ್ಜೀನ್ ಉಂಗುರವನ್ನು ಮಾತ್ರ ದೇಹ ಒಡೆಯಲಾರದು ಎಂಬುದು ಕ್ನೂಪ್‌ಗೆ ಗೊತ್ತಿತ್ತು. ಕೊಬ್ಬಿನಾಮ್ಲದ ಸರಪಳಿಯ ತುದಿಗೆ ಈ ಉಂಗುರ ಕಟ್ಟಿ ನಾಯಿಗಳಿಗೆ ತಿನ್ನಿಸಿದರು. ಸರಪಳಿ ಎಷ್ಟು ಕತ್ತರಿಸಿಹೋದರೂ ಉಂಗುರ ಉಳಿದು ಮೂತ್ರದಲ್ಲಿ ಹೊರಬರಲೇಬೇಕು. ಅದಕ್ಕೆ ಎಷ್ಟು ಇಂಗಾಲ ಅಂಟಿ ಉಳಿದಿದೆ ಎಂದು ನೋಡಿದರೆ ಸಾಕು.

ಫಲಿತಾಂಶದಲ್ಲಿ ಒಂದು ಸೊಗಸಾದ ಲೆಕ್ಕ ಕಂಡಿತು. ಮೂರು ಅಥವಾ ಐದು ಇಂಗಾಲದ ಸರಪಳಿ ಕೊಟ್ಟಾಗ ಉಳಿದದ್ದು ಒಂದೇ ಇಂಗಾಲದ ಬೆನ್ಜೋಯಿಕ್ ಆಮ್ಲ. ನಾಲ್ಕು ಇಂಗಾಲದ್ದನ್ನು ಕೊಟ್ಟಾಗ ಉಳಿದದ್ದು ಎರಡು ಇಂಗಾಲದ ಫೀನೈಲ್ ಅಸಿಟಿಕ್ ಆಮ್ಲ. ಬೆಸ ಬೆಸವಾಗಿಯೇ, ಸರಿ ಸರಿಯಾಗಿಯೇ ಉಳಿಯುತ್ತಿತ್ತು. ಒಂದೊಂದೇ ಇಂಗಾಲ ಉದುರುತ್ತಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ದೇಹವು ಸರಪಳಿಯನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸುತ್ತದೆ ಎಂದು ಕ್ನೂಪ್ ತೀರ್ಮಾನಿಸಿದರು. ಆಮ್ಲದ ತುದಿಯಿಂದ ಎಣಿಸಿ ಬೀಟಾ ಎಂದು ಕರೆಯುವ ಇಂಗಾಲದ ಬಳಿ ಕತ್ತರಿ ಬೀಳುವುದರಿಂದ ಇದಕ್ಕೆ ಬೀಟಾ ಆಕ್ಸಿಡೇಶನ್ ಎಂಬ ಹೆಸರು ನಿಂತಿತು. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಹೆನ್ರಿ ಡಾಕಿನ್ ಇದನ್ನು ಬೇರೆ ಪ್ರಯೋಗಗಳಿಂದ ಗಟ್ಟಿ ಮಾಡಿದರು.

ದಾರಿಯ ರೂಪ ತಿಳಿಯಿತು, ಆ ಎರಡು ಇಂಗಾಲದ ತುಂಡು ಯಾವುದೆಂದು ತಿಳಿಯಲಿಲ್ಲ. ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿಯೇ ಇರಬಹುದೆಂಬ ಊಹೆಯಿತ್ತು. ಆದರೆ ಜೀವಕೋಶದಲ್ಲಿ ಅದು ಬರಿಯ ಅಸಿಟಿಕ್ ಆಮ್ಲದ ಹಾಗೆ ವರ್ತಿಸುತ್ತಿರಲಿಲ್ಲ; ಯಾವುದೋ ಚುರುಕಾದ ರೂಪದಲ್ಲಿತ್ತು. ಆ ಪ್ರಶ್ನೆ ನಲವತ್ತೇಳು ವರ್ಷ ಕಾಯಿತು.

ಫ್ರೈಬರ್ಗ್‌ನಲ್ಲಿ ಕ್ನೂಪ್ ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ಹಾನ್ಸ್ ಕ್ರೆಬ್ಸ್ ಒಬ್ಬರು.

ಭಾರವಾದ ಜಲಜನಕ

ಶೋನ್‌ಹೈಮರ್ ಸೇರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥ ಹಾನ್ಸ್ ಕ್ಲಾರ್ಕ್ ಜರ್ಮನಿಯಿಂದ ಬಂದ ವಿಜ್ಞಾನಿಗಳಿಗೆ ಬಾಗಿಲು ತೆರೆದಿಟ್ಟಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ 1931ರಲ್ಲಿ ಡ್ಯೂಟೀರಿಯಂ ಕಂಡುಹಿಡಿದಿದ್ದರು. ಇದು ಜಲಜನಕವೇ, ಆದರೆ ತೂಕ ಇಮ್ಮಡಿ. ಇದಕ್ಕಾಗಿ 1934ರಲ್ಲಿ ಯೂರಿಗೆ ನೊಬೆಲ್ ಬಂತು. ಅವರ ಶಿಷ್ಯ ಡೇವಿಡ್ ರಿಟನ್‌ಬರ್ಗ್ ಅದೇ ವರ್ಷ ಶೋನ್‌ಹೈಮರ್ ಪ್ರಯೋಗಾಲಯಕ್ಕೆ ಬಂದರು.

ಪರಮಾಣುವಿಗೆ ಗುರುತು ಹಾಕಿ ಜೀವಿಯೊಳಗೆ ಅದರ ಹಿಂದೆ ಹೋಗುವ ವಿಚಾರ ಫ್ರೈಬರ್ಗ್‌ನಿಂದ ಬಂದವರಿಗೆ ಅಪರಿಚಿತವೇನಲ್ಲ. ಹೆವೆಶಿ 1923ರಲ್ಲೇ ವಿಕಿರಣಶೀಲ ಸೀಸದಿಂದ ಗಿಡಗಳಲ್ಲಿ ಅದನ್ನು ಮಾಡಿದ್ದರು. ಆದರೆ ಸೀಸ ಪ್ರಾಣಿದೇಹದ ಸಹಜ ವಸ್ತುವಲ್ಲ. ಕ್ನೂಪ್ ಬಳಸಿದ ಬೆನ್ಜೀನ್ ಉಂಗುರವೂ ಅಲ್ಲ. ಜಲಜನಕವಾದರೋ ಕೊಬ್ಬಿನ ತುಂಬ ಇದೆ. ಅದರ ಬದಲಿಗೆ ಡ್ಯೂಟೀರಿಯಂ ಕೂತರೆ ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ರಸಾಯನಶಾಸ್ತ್ರಜ್ಞನಿಗೆ ತಿಳಿಯುತ್ತದೆ.

ಅಗಸೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಇನ್ನಷ್ಟು ಜಲಜನಕ ಸೇರಿಸಿಕೊಳ್ಳಲು ಜಾಗವಿದೆ. ವನಸ್ಪತಿ ತಯಾರಿಸುವವರು ಎಣ್ಣೆಯನ್ನು ಗಟ್ಟಿ ಮಾಡುವುದು ಹೀಗೆಯೇ. ಶೋನ್‌ಹೈಮರ್ ಮತ್ತು ರಿಟನ್‌ಬರ್ಗ್ ಆ ಜಾಗಗಳಿಗೆ ಡ್ಯೂಟೀರಿಯಂ ತುಂಬಿದರು. ಆ ಕೊಬ್ಬನ್ನು ಆಹಾರದಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆಸಿ ಇಲಿಗಳಿಗೆ ಕೆಲವು ದಿನ ಕೊಟ್ಟರು. ಬಳಿಕ ಇಲಿಗಳ ಬೇರೆ ಬೇರೆ ಅಂಗಗಳಿಂದ ಕೊಬ್ಬನ್ನು ಬಸಿದು ಸುಟ್ಟು, ಬಂದ ನೀರಿನ ಸಾಂದ್ರತೆ ಅಳೆದರು. ನೀರು ಭಾರವಾದಷ್ಟೂ ಅಲ್ಲಿ ಗುರುತಿನ ಕೊಬ್ಬು ಹೆಚ್ಚು.

ಹಳೆಯ ನಂಬಿಕೆಯಂತೆ ಅಷ್ಟು ಕಡಿಮೆ ಕೊಬ್ಬು ನೇರವಾಗಿ ಉರಿದುಹೋಗಬೇಕಿತ್ತು, ಕೂಡಿಡಲು ಮಿಕ್ಕುವುದೇನಿದೆ? ಆದರೆ ಗುರುತಿನ ಕೊಬ್ಬಿನ ದೊಡ್ಡ ಪಾಲು ಸಿಕ್ಕಿದ್ದು ಮೇದಸ್ಸಿನ ಅಂಗಾಂಶದಲ್ಲಿ. ಇಲಿಗಳ ಒಟ್ಟು ಕೊಬ್ಬು ಹೆಚ್ಚಿರಲಿಲ್ಲ. ಅಂದರೆ ಹೊಸದು ಒಳಗೆ ಹೋದಷ್ಟೇ ಹಳೆಯದು ಹೊರಗೆ ಬಂದಿತ್ತು. ಇಲಿಗಳಿಗೆ ಭಾರಜಲ ಕುಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೈ ತೂಕ ಒಂದಿಷ್ಟೂ ಬದಲಾಗದಿದ್ದರೂ ದೇಹ ದಿನವೂ ಹೊಸ ಕೊಬ್ಬಿನಾಮ್ಲ ತಯಾರಿಸುತ್ತಿತ್ತು, ಹಳೆಯದನ್ನು ಒಡೆಯುತ್ತಿತ್ತು, ಒಂದು ಬಗೆಯದನ್ನು ಇನ್ನೊಂದಾಗಿ ಮಾರ್ಪಡಿಸುತ್ತಿತ್ತು.

1935ರಿಂದ ಬಂದ ಈ ವರದಿಗಳು ಶತಮಾನದ ನಂಬಿಕೆಯನ್ನು ಅಡಿಮೇಲು ಮಾಡಿದವು. ಹಗೇವಿಗೆ ಮುಚ್ಚಳವೇ ಇರಲಿಲ್ಲ. ಮುಂದೆ ಭಾರವಾದ ಸಾರಜನಕ ಬಳಸಿ ಶೋನ್‌ಹೈಮರ್ ಪ್ರೋಟೀನುಗಳೂ ಹಾಗೆಯೇ ಎಡೆಬಿಡದೆ ಬದಲಾಗುತ್ತಿರುತ್ತವೆ ಎಂದು ತೋರಿಸಿದರು. ಜೀವಿಯ ಮೈ ನೋಡಲು ಸ್ಥಿರ, ಅದರೊಳಗಿನ ವಸ್ತು ಸದಾ ಹರಿಯುವುದು ಎಂಬುದು ಅವರ ಸಾರ. ಇದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಗಳಿಗಾಗಿ ಅವರು ಬರೆದಿಟ್ಟಿದ್ದರು. ಉಪನ್ಯಾಸ ಕೊಡುವ ಮೊದಲೇ, 1941ರ ಸೆಪ್ಟೆಂಬರ್‌ನಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ವಯಸ್ಸು ನಲವತ್ತಮೂರು. ಸಹೋದ್ಯೋಗಿಗಳು ಹಸ್ತಪ್ರತಿಯನ್ನು ಸಿದ್ಧಪಡಿಸಿ 1942ರಲ್ಲಿ ಪ್ರಕಟಿಸಿದರು. ಬದುಕಿದ್ದರೆ ನೊಬೆಲ್ ಖಂಡಿತ ಎನ್ನುವವರು ಹಲವರು.

ನಲವತ್ತೇಳು ವರ್ಷಕ್ಕೆ ಸಿಕ್ಕ ಉತ್ತರ

ಇತ್ತ ಕ್ರೆಬ್ಸ್ ಕೇಂಬ್ರಿಜ್‌ನಿಂದ ಶೆಫೀಲ್ಡ್‌ಗೆ ಹೋಗಿದ್ದರು. 1937ರಲ್ಲಿ, ಆಹಾರದ ತುಂಡುಗಳು ಕೊನೆಗೆ ಸುಡುವ ಸಿಟ್ರಿಕ್ ಆಮ್ಲ ಚಕ್ರವನ್ನು ಅಲ್ಲಿ ಕಂಡುಹಿಡಿದರು. ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ಅವರ ಹಳೆಯ ಗುರು ಕ್ನೂಪ್, ಕಾರ್ಲ್ ಮಾರ್ಟಿಯಸ್ ಜೊತೆ ಸಿಟ್ರಿಕ್ ಆಮ್ಲ ಒಡೆಯುವ ಹೆಜ್ಜೆಗಳನ್ನು ಬಿಡಿಸಿದ್ದು ಕ್ರೆಬ್ಸ್‌ಗೆ ದಾರಿ ತೋರಿಸಿತ್ತು. ಕ್ರೆಬ್ಸ್ ಕಳಿಸಿದ ಟಿಪ್ಪಣಿಯನ್ನು 'ನೇಚರ್' ಪತ್ರಿಕೆ ಹಿಂದಿರುಗಿಸಿತು. ಅದು ಬೇರೆ ಕಡೆ ಅಚ್ಚಾಯಿತು.

ಚಕ್ರದೊಳಗೆ ಹೋಗುವ ಎರಡು ಇಂಗಾಲದ ಚುರುಕು ತುಂಡು ಯಾವುದು ಎಂಬುದು ಮಾತ್ರ ಆಗಲೂ ಗುಟ್ಟಾಗಿತ್ತು. ಅದರ ಅರ್ಧವನ್ನು ಬಿಡಿಸಿದವರು ಇನ್ನೊಬ್ಬ ವಲಸಿಗ, ಕೋನಿಗ್ಸ್‌ಬರ್ಗ್‌ನ ಫ್ರಿಟ್ಸ್ ಲಿಪ್‌ಮನ್. ಕೋಪನ್‌ಹೇಗನ್‌ನಲ್ಲಿ ಕೆಲವು ವರ್ಷ ಇದ್ದು 1939ರಲ್ಲಿ ಅಮೆರಿಕ ಸೇರಿದವರು. ಬಾಸ್ಟನ್ನಿನಲ್ಲಿ ಪಾರಿವಾಳದ ಯಕೃತ್ತಿನ ರಸದ ಮೇಲೆ ಕೆಲಸ ಮಾಡುತ್ತ 1945ರ ಹೊತ್ತಿಗೆ ಅವರು ಒಂದು ಸಹಾಯಕ ವಸ್ತುವನ್ನು ಗುರುತಿಸಿದರು. ಅದೇ ಕೋಎನ್ಜೈಮ್ ಎ. ಪ್ಯಾಂಟೊಥೆನಿಕ್ ಆಮ್ಲವೆಂಬ ಬಿ ಗುಂಪಿನ ಜೀವಸತ್ವ ಅದರ ಅಂಗ.

ಉಳಿದರ್ಧ ಮ್ಯೂನಿಕ್‌ನಿಂದ ಬಂತು. ಸ್ಕೀಯಿಂಗ್ ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ಸೈನ್ಯದಿಂದ ವಿನಾಯಿತಿ ಪಡೆದಿದ್ದ ಫಿಯೊಡೊರ್ ಲೀನನ್ 1951ರಲ್ಲಿ, ಅರ್ನೆಸ್ಟೀನ್ ರೈಶರ್ಟ್ ಜೊತೆ ಯೀಸ್ಟ್‌ನಿಂದ ಆ ಚುರುಕು ತುಂಡನ್ನೇ ಬೇರ್ಪಡಿಸಿದರು. ಅಸಿಟಿಕ್ ಆಮ್ಲ ಗಂಧಕದ ಪರಮಾಣುವಿನ ಮೂಲಕ ಕೋಎನ್ಜೈಮ್ ಎ ಜೊತೆ ಕೂಡಿಕೊಂಡಿತ್ತು. ಕ್ನೂಪ್ 1904ರಲ್ಲಿ ಎದುರಿಗಿಟ್ಟ ಪ್ರಶ್ನೆಗೆ ಅಸಿಟೈಲ್ ಕೋಎನ್ಜೈಮ್ ಎ ಉತ್ತರ. ಅದನ್ನು ಕೇಳಲು ಕ್ನೂಪ್ ಇರಲಿಲ್ಲ, 1946ರಲ್ಲಿ ತೀರಿಕೊಂಡಿದ್ದರು. 1953ರ ನೊಬೆಲ್ ಕ್ರೆಬ್ಸ್ ಮತ್ತು ಲಿಪ್‌ಮನ್‌ಗೆ, 1964ರದ್ದು ಲೀನನ್ ಮತ್ತು ಕೊನ್ರಾಡ್ ಬ್ಲಾಕ್‌ಗೆ ಸಂದಿತು. ಬ್ಲಾಕ್ ಕೂಡ ಜರ್ಮನಿ ತೊರೆದ ಯಹೂದಿ, ಕೊಲಂಬಿಯಾದಲ್ಲಿ ಶೋನ್‌ಹೈಮರ್ ಗುಂಪಿನಲ್ಲಿ ಪಳಗಿದವರು.

ಕತ್ತರಿಸುವ ಕೆಲಸ ನಡೆಯುವ ಜಾಗವೂ ಅಷ್ಟರಲ್ಲಿ ಸಿಕ್ಕಿತ್ತು. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಎಂದು ಷಿಕಾಗೋದಲ್ಲಿ ಯೂಜಿನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ 1940ರ ದಶಕದ ಕೊನೆಗೆ ತೋರಿಸಿದರು. ಹದಿನಾರು ಇಂಗಾಲದ ಪಾಮಿಟಿಕ್ ಆಮ್ಲಕ್ಕೆ ಅಲ್ಲಿ ಏಳು ಕತ್ತರಿ ಬಿದ್ದು ಎಂಟು ತುಂಡು ಬರುತ್ತವೆ. ಅವು ಕ್ರೆಬ್ಸ್ ಚಕ್ರದಲ್ಲಿ ಉರಿದು ಮುಗಿದಾಗ ಕೈಗೆ ಸಿಗುವುದು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 106. ಒಂದು ಗ್ಲೂಕೋಸ್ ಅಣುವಿನಿಂದ ಸಿಗುವುದು ಮೂವತ್ತರ ಆಸುಪಾಸು.

ಯಾರೂ ಲೆಕ್ಕಕ್ಕಿಡದ ಅಂಗಾಂಶ

ಇಷ್ಟೆಲ್ಲ ನಡೆಯುವಾಗಲೂ ಚರ್ಮದಡಿಯ ಹಳದಿ ಮೇದಸ್ಸನ್ನು ಯಾರೂ ಗಂಭೀರವಾಗಿ ನೋಡುತ್ತಿರಲಿಲ್ಲ. ಅದರ ಜೀವಕೋಶವೆಂದರೆ ಒಂದು ದೊಡ್ಡ ಜಿಡ್ಡಿನ ಹನಿ, ಅಂಚಿಗೆ ಒತ್ತಿಹೋದ ತೆಳು ಪೊರೆ. ಅಲ್ಲಿ ಏನು ನಡೆದೀತು ಎಂಬ ಅಸಡ್ಡೆ. ಹಾಲೆ ನಗರದ ಅರ್ನ್ಸ್ಟ್ ವೆರ್ಟ್‌ಹೈಮರ್ ಮಾತ್ರ 1920ರ ದಶಕದಿಂದ ಇದಕ್ಕೆ ನರಮಂಡಲದ ಹಿಡಿತ ಇದೆಯೆಂದು ವಾದಿಸುತ್ತಿದ್ದರು. ಅವರೂ 1933ರ ನಂತರ ಹೊರದೂಡಲ್ಪಟ್ಟು ಜೆರುಸಲೇಂ ಸೇರಿದರು. ಅಲ್ಲಿ ಬೆನ್ಸಿಯನ್ ಶಪಿರೊ ಜೊತೆ 1948ರಲ್ಲಿ ಪ್ರಕಟಿಸಿದ ವಿಮರ್ಶಾ ಲೇಖನದಲ್ಲಿ, ಕೊಬ್ಬನ್ನು ತುಂಬುವುದೂ ತೆಗೆಯುವುದೂ ಆ ಅಂಗಾಂಶದ ಜೀವಂತ ಕೆಲಸ, ಹಾರ್ಮೋನು ಮತ್ತು ನರಗಳ ಆಜ್ಞೆಗೆ ಒಳಪಟ್ಟದ್ದು ಎಂದು ಪ್ರತಿಪಾದಿಸಿದರು.

ಆ ಮಾತಿಗೆ ಕಣ್ಣಿಗೆ ಕಾಣುವ ಸಾಕ್ಷಿ ಒದಗಿದ್ದು 1956ರಲ್ಲಿ. ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್, ಬೆಥೆಸ್ಡಾದಲ್ಲಿ ರಾಬರ್ಟ್ ಗೋರ್ಡನ್ ಮತ್ತು ಅಮೀಲಿಯಾ ಚೆರ್ಕಸ್ ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನಿಗೆ ಅಂಟಿ ಸಾಗುವ ಬಿಡಿ ಕೊಬ್ಬಿನಾಮ್ಲಗಳನ್ನು ಅಳೆದರು. ಉಪವಾಸವಿದ್ದಾಗ ಅವು ಏರುತ್ತಿದ್ದವು. ಗ್ಲೂಕೋಸ್ ಅಥವಾ ಇನ್ಸುಲಿನ್ ಕೊಟ್ಟೊಡನೆ ಇಳಿಯುತ್ತಿದ್ದವು. ಊಟವಾದಾಗ ಇನ್ಸುಲಿನ್ ಏರಿ ಕೊಬ್ಬಿನ ಕೋಶಕ್ಕೆ 'ಬಿಡಬೇಡ' ಎನ್ನುತ್ತದೆ. ಹಸಿವಿನಲ್ಲಿ, ಓಟದಲ್ಲಿ, ಗಾಬರಿಯಲ್ಲಿ ಇನ್ಸುಲಿನ್ ಇಳಿದು ಅಡ್ರಿನಲಿನ್‌ನಂಥವು ಮೇಲೇಳುತ್ತವೆ. ಆಗ ಕಿಣ್ವಗಳು ಕೊಬ್ಬಿನ ಅಣುವಿನಿಂದ ಕೊಬ್ಬಿನಾಮ್ಲಗಳನ್ನು ಬಿಡಿಸಿ ರಕ್ತಕ್ಕೆ ಕಳಿಸುತ್ತವೆ. ಸ್ನಾಯು, ಹೃದಯ, ಯಕೃತ್ತು ಅವನ್ನು ಎಳೆದುಕೊಂಡು ಕ್ನೂಪ್ ಕಂಡ ಲೆಕ್ಕದಂತೆ ಕತ್ತರಿಸುತ್ತವೆ. ಉಳಿದ ಗ್ಲಿಸರಾಲ್ ಯಕೃತ್ತಿಗೆ ಹೋಗಿ ಗ್ಲೂಕೋಸ್ ಆಗಬಲ್ಲದು.

ಒಂದು ಒಗಟು ಉಳಿದಿತ್ತು. ಮಿದುಳಿಗೆ ಬೇಕಾದದ್ದು ಗ್ಲೂಕೋಸ್. ಕೊಬ್ಬಿನಾಮ್ಲದಿಂದ ಅದು ಹೆಚ್ಚುಕಡಿಮೆ ಬದುಕಲಾರದು. ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಒಂದೆರಡು ದಿನಕ್ಕೆ ಖಾಲಿ. ಆಮೇಲೆ ಸ್ನಾಯು ಕರಗಿಸಿಯೇ ಗ್ಲೂಕೋಸ್ ತಯಾರಿಸಬೇಕಾದರೆ ಮನುಷ್ಯ ಕೆಲವು ವಾರಗಳಲ್ಲಿ ಸಾಯಬೇಕಿತ್ತು. ದೀರ್ಘ ಉಪವಾಸ ಮಾಡಿದವರು ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದುಂಟು. 1967ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಜಾರ್ಜ್ ಕಾಹಿಲ್, ಆಲಿವರ್ ಓವನ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದ ಮೂವರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಪರೀಕ್ಷಿಸಿದರು. ಮಿದುಳಿನ ಇಂಧನದ ಸುಮಾರು ಮೂರರಲ್ಲಿ ಎರಡು ಪಾಲು ಕೀಟೋನುಗಳಿಂದ ಬರುತ್ತಿತ್ತು. ಯಕೃತ್ತು ಆ ಅಸಿಟೈಲ್ ತುಂಡುಗಳನ್ನೇ ಜೋಡಿಸಿ ಮಾಡುವ ವಸ್ತುಗಳಿವು. ಅಲ್ಲಿಯವರೆಗೆ ವೈದ್ಯರಿಗೆ ಅವು ಮಧುಮೇಹ ಕೈಮೀರಿದಾಗ ಮೂತ್ರದಲ್ಲಿ ಕಾಣುವ ಅಪಾಯದ ಗುರುತಾಗಿದ್ದವು. ಉಪವಾಸದಲ್ಲಿ ಅವೇ ಸ್ನಾಯುವನ್ನು ಕಾಪಾಡುತ್ತಿದ್ದವು.

ಒಂದೂವರೆ ವರ್ಷದ ಕೊಬ್ಬು

ಶೋನ್‌ಹೈಮರ್ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೇ? ನಮಗೆ ಯಾರೂ ಗುರುತಿನ ಕೊಬ್ಬನ್ನು ವರ್ಷಗಟ್ಟಲೆ ಉಣಿಸಲಾರರು. ಆದರೆ ಶೀತಲ ಸಮರ ಆ ಕೆಲಸವನ್ನು ಮಾಡಿಬಿಟ್ಟಿತ್ತು. 1963ರ ಪರೀಕ್ಷಾ ನಿಷೇಧ ಒಪ್ಪಂದದವರೆಗೆ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಗಿ, ಆಮೇಲೆ ವರ್ಷವರ್ಷವೂ ಇಳಿಯುತ್ತ ಬಂತು. ಗಿಡದ ಮೂಲಕ ಅದು ಎಲ್ಲರ ಊಟಕ್ಕೂ ಸೇರಿತು. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಕರ್ಸ್ಟಿ ಸ್ಪಾಲ್ಡಿಂಗ್, ಪೀಟರ್ ಆರ್ನರ್ ಮತ್ತು ಸಂಗಡಿಗರು ಮನುಷ್ಯರ ಮೇದಸ್ಸಿನಲ್ಲಿ ಅದನ್ನು ಅಳೆದು ವಯಸ್ಸು ಎಣಿಸಿದರು. ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಬದಲಾಗುವುದಿಲ್ಲ, ವರ್ಷಕ್ಕೆ ಸುಮಾರು ಶೇ 10ರಷ್ಟು ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ ಎಂದು 2008ರಲ್ಲಿ ವರದಿಯಾಯಿತು. ಆ ಕೋಶಗಳೊಳಗಿನ ಕೊಬ್ಬಿನ ಸರಾಸರಿ ವಯಸ್ಸು 1.6 ವರ್ಷ ಎಂದು 2011ರಲ್ಲಿ ತಿಳಿಯಿತು. ಸ್ಥೂಲಕಾಯದವರಲ್ಲಿ ಕೂಡಿಡುವ ಪ್ರಮಾಣ ಹೆಚ್ಚು, ಹೊರಹೋಗುವ ವೇಗ ಕಡಿಮೆ.

ಹೊರಗೆ ಹೋಗುವ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಆಸ್ಟ್ರೇಲಿಯಾದ ರೂಬನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಎಣಿಸಿದಂತೆ, 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ವೈದ್ಯರನ್ನೂ ಆಹಾರತಜ್ಞರನ್ನೂ ವ್ಯಾಯಾಮ ಕಲಿಸುವವರನ್ನೂ ಕೇಳಿದಾಗ ಹೆಚ್ಚಿನವರು ಕೊಬ್ಬು ಶಾಖವಾಗಿ ಹೋಗುತ್ತದೆ ಎಂದೇ ನಂಬಿದ್ದರು.

ವರ್ಷಗಳ ಹಳೆಯ ಹಟಮಾರಿ ಬೊಜ್ಜನ್ನು ಕರಗಿಸುತ್ತೇವೆಂದು ಬೆಲ್ಟು, ತೈಲ, ಪುಡಿ ಮಾರುವವರ ಮಾತಿಗೆ ಮರುಳಾಗುವ ಮುನ್ನ ಓದುಗರು ಈ ಇತಿಹಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಮೈಯಲ್ಲಿ ಹಳೆಯ ಬೊಜ್ಜು ಎಂಬುದು ಹೆಚ್ಚು ಉಳಿಯುವುದಿಲ್ಲ. ಕೋಶ ಹಳೆಯದಿರಬಹುದು, ಅದರೊಳಗಿನ ಕೊಬ್ಬು ಬಹುಪಾಲು ಈಚಿನದು. ಕೊಬ್ಬನ್ನು ಬಿಡಿಸುವ ಆಜ್ಞೆ ಹಾರ್ಮೋನು ಮತ್ತು ನರಗಳಿಂದ ಬರಬೇಕು. ಅದನ್ನು ಸುಡುವ ಕೆಲಸ ಮೈಟೊಕಾಂಡ್ರಿಯದಲ್ಲಿ ನಡೆಯಬೇಕು. ಹೊಗೆ ಉಸಿರಿನಲ್ಲಿ ಹೋಗಬೇಕು. ಚರ್ಮದ ಮೇಲೆ ಹಚ್ಚುವ, ಸೊಂಟಕ್ಕೆ ಕಟ್ಟುವ ಯಾವ ಸರಕೂ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ.